ದೊಡ್ಡಕ್ಕನ ಸಹಿ, ಒಂದು ಪಾತಿ ಮೂಲಂಗಿ

ಅಚ್ಚಿನ ಲೋಕದಲ್ಲಿ ಎರಡು ಬಗೆಯ ಜನರಿದ್ದಾರೆ. ಪುಸ್ತಕದ ಮೇಲೆ ಹೆಸರು ಬರುವವರು ಒಂದು ಬಗೆ. ಪುಸ್ತಕದಲ್ಲಿ ತಪ್ಪು ಕಂಡಾಗ ಮಾತ್ರ ಜನರ ನೆನಪಿಗೆ ಬರುವವರು ಇನ್ನೊಂದು ಬಗೆ. ಮೂವತ್ತಾರು ವರ್ಷ ಈ ಎರಡನೆಯ ಬಗೆಯ ಕೆಲಸವನ್ನು ಮಾಡಿ, ಆ ಮೂವತ್ತಾರು ವರ್ಷಗಳಲ್ಲಿ ಯಾರ ನೆನಪಿಗೂ ಬಾರದಂತೆ ಎಚ್ಚರ ವಹಿಸಿದವರು ನಮ್ಮ ಮುದ್ರಣಾಲಯದ ಪ್ರೂಫ್ ವಿಭಾಗದ ಮುಖ್ಯಸ್ಥರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮೆಲ್ಲರ ದೊಡ್ಡಕ್ಕ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿದೆ. ವ್ಯವಸ್ಥಾಪಕರಿಂದ ಹಿಡಿದು ಕಸ ಗುಡಿಸುವವರವರೆಗೆ ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ವಯಸ್ಸಿನಲ್ಲಿ ಅವರಿಗಿಂತ ಹನ್ನೆರಡು ವರ್ಷ ದೊಡ್ಡವರಾದ, ಬೈಂಡಿಂಗ್ ವಿಭಾಗದಿಂದ ಎಂದೋ ನಿವೃತ್ತರಾದ ಬೈಂಡಿಂಗ್ ಅತ್ತೆಯೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ ಎಂದಮೇಲೆ ಉಳಿದವರ ಪಾಡೇನು.

ಅವರ ನಿವೃತ್ತಿಗೆಂದು ತರುತ್ತಿರುವ ಅಭಿನಂದನ ಗ್ರಂಥದ ಸಂಪಾದಕರು ನನಗೆ ಕೊಟ್ಟ ವಿಷಯ ‘ದೊಡ್ಡಕ್ಕ ಮತ್ತು ನಮ್ಮ ತೋಟ’. ಕರಡು ತಿದ್ದುವುದನ್ನು ಕುರಿತು ಬೇರೊಬ್ಬರು ಬರೆಯುತ್ತಾರಂತೆ. ಆದರೆ ಅವೆರಡನ್ನೂ ಬೇರೆ ಮಾಡುವುದು ನನ್ನಿಂದಾಗದು. ದೊಡ್ಡಕ್ಕನ ಮೇಜನ್ನು ನೋಡಿದವರಿಗೆ ಇದು ತಾನಾಗಿಯೇ ಅರ್ಥವಾಗುತ್ತದೆ. ಕಿಟಕಿಯ ಪಕ್ಕದ ಆ ಮೇಜಿನ ಮೇಲೆ ಎಡಕ್ಕೆ ಕೆಂಪು ಪೆನ್ನು, ಬಲಕ್ಕೆ ಭೂತಗನ್ನಡಿ, ನಡುವೆ ಬಂದುಹೋಗುವ ಹಾಳೆಗಳು. ಮೇಜಿನ ಕೆಳಗೆ, ಕಾಲಿಗೆ ತಾಗುವಂತೆ, ಅಚ್ಚುಮೊಳೆಗಳ ಕಾಲದ ಒಂದು ಹಳೆಯ ಮರದ ಪೆಟ್ಟಿಗೆ. ಅಕ್ಷರಕ್ಕೊಂದರಂತೆ ಸಣ್ಣ ಸಣ್ಣ ಮನೆಗಳಿರುವ ಆ ಪೆಟ್ಟಿಗೆಯಲ್ಲಿ ಈಗ ಇರುವುದು ಬೀಜ. ‘ಪ’ ಇದ್ದ ಮನೆಯಲ್ಲಿ ಪಾಲಕ್, ‘ಬ’ ಇದ್ದಲ್ಲಿ ಬೆಂಡೆ, ‘ಟ’ ಇದ್ದಲ್ಲಿ ಟೊಮೆಟೊ, ‘ಮ’ ಇದ್ದಲ್ಲಿ ಮೂಲಂಗಿ. ಬದನೆಗೆ ಜಾಗವಿಲ್ಲದೆ ಒಮ್ಮೆ ‘ಭ’ದಲ್ಲಿ ಹಾಕಿದ್ದಕ್ಕೆ ಅವರು ಒಂದು ವಾರ ನೆಮ್ಮದಿಯಿಲ್ಲದೆ ಓಡಾಡಿದರು.

ತೋಟ ಶುರುವಾದದ್ದು ನಾನು ಸೇರುವುದಕ್ಕೆ ಐದಾರು ವರ್ಷ ಮುಂಚೆ. ಗೋದಾಮಿನ ಹಿಂದಿನ ಅಂಗಳದಲ್ಲಿ ಮುರಿದ ಚೌಕಟ್ಟು, ತುಕ್ಕು ಹಿಡಿದ ರೋಲರ್, ಶಾಯಿಯ ಡಬ್ಬಗಳ ರಾಶಿ ಬಿದ್ದಿತ್ತಂತೆ. ಊಟದ ಬಿಡುವಿನಲ್ಲಿ ದೊಡ್ಡಕ್ಕ ದಿನಕ್ಕೆ ಒಂದು ಡಬ್ಬ ಎತ್ತಿ ಹೊರಗೆ ಹಾಕತೊಡಗಿದರು. ಯಾರಿಗೂ ಏನೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಂಗಸೊಬ್ಬರು ಒಬ್ಬರೇ ಹೊರುವುದನ್ನು ಊಟದ ಡಬ್ಬಿ ಬಿಚ್ಚಿಕೊಂಡು ನೋಡುತ್ತಾ ಕೂರುವುದು ಎಷ್ಟು ದಿನ ಸಾಧ್ಯ? ಎರಡನೆಯ ವಾರಕ್ಕೆ ಬೈಂಡಿಂಗ್ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಆಮೇಲೆ ಮೆಷಿನ್ ವಿಭಾಗದವರು, ಆಮೇಲೆ ಪಕ್ಕದ ಬೀದಿಯ ಮನೆಗಳವರು, ಎದುರಿನ ಚಿಕಿತ್ಸಾಲಯದ ದಾದಿ, ಮೂಲೆಯ ದರ್ಜಿ. ನಾನು ಸೇರುವ ಹೊತ್ತಿಗೆ ನಲವತ್ತು ಮನೆಗಳು ತೋಟದಲ್ಲಿದ್ದವು. ಮನೆಗೆ ಎರಡು ಪಾತಿ: ಒಂದು ನೆಲದ ಮೇಲೆ ಬೆಳೆಯುವ ಸೊಪ್ಪು, ಹುರುಳಿಕಾಯಿ, ಟೊಮೆಟೊಗಳಿಗೆ, ಇನ್ನೊಂದು ನೆಲದೊಳಗೆ ಬೆಳೆಯುವ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳಿಗೆ.

ತೋಟಕ್ಕೆ ಇದ್ದ ಕಾನೂನು ಒಂದೇ, ಅದು ಚಂದ್ರನದು. ದೊಡ್ಡಕ್ಕನ ತಾಯಿ ಹಿತ್ತಲಲ್ಲಿ ನಡೆಸಿಕೊಂಡು ಬಂದ ಕ್ರಮ ಅದು. ಚಂದ್ರ ಬೆಳೆಯುವ ಹದಿನೈದು ದಿನಗಳಲ್ಲಿ ನೆಲದ ಮೇಲೆ ಬೆಳೆಯುವುದನ್ನು ಬಿತ್ತಬೇಕು. ಕರಗುವ ಹದಿನೈದು ದಿನಗಳಲ್ಲಿ ನೆಲದೊಳಗೆ ಬೆಳೆಯುವುದನ್ನು. ಅಮಾವಾಸ್ಯೆ, ಹುಣ್ಣಿಮೆಗಳಂದು ಬೀಜ ಮುಟ್ಟದೆ ಕಳೆ ಕಿತ್ತು, ಗುದ್ದಲಿ ತೊಳೆದಿಡಬೇಕು. ಬಿತ್ತನೆಯ ದಿನ ನಲವತ್ತು ಮನೆಯವರೂ ಒಟ್ಟಿಗೆ ಬರಬೇಕು, ಎಲ್ಲರ ಪಾತಿಯಲ್ಲಿ ಎಲ್ಲರ ಕೈ ಬೀಳಬೇಕು. ದಿನ ಯಾವುದೆಂದು ಹೇಳುವುದು ತೋಟದ ಗುಡಿಸಲಿನ ಬಾಗಿಲಿಗೆ ತೂಗುಹಾಕಿದ ಕ್ಯಾಲೆಂಡರ್. ಅದು ನಮ್ಮಲ್ಲೇ ಅಚ್ಚಾದದ್ದು, ದೊಡ್ಡಕ್ಕನೇ ತಿದ್ದಿ ಸಹಿ ಹಾಕಿದ್ದು. ತಾರೀಖಿನ ಪಕ್ಕದ ಕಪ್ಪು ಚುಕ್ಕೆ ಅಮಾವಾಸ್ಯೆ, ಬಿಳಿ ಬಳೆ ಹುಣ್ಣಿಮೆ.

ಇಪ್ಪತ್ತೈದು ವರ್ಷದ ಹಿಂದೆ, ತಾತ್ಕಾಲಿಕ ನೌಕರನಾಗಿ, ಅಚ್ಚಾಗಬೇಕಾದ ಪುಟಗಳ ಫಿಲ್ಮ್ ಜೋಡಿಸುವ ಕೆಲಸಕ್ಕೆ ಸೇರಿದ ನನಗೆ ಇದೆಲ್ಲ ತಮಾಷೆಯಾಗಿ ಕಂಡಿತ್ತು. ವಿಜ್ಞಾನದಲ್ಲಿ ಪದವಿ ಪಡೆದವನೆಂಬ ಜಂಬ ಬೇರೆ. ಎಷ್ಟೋ ಲಕ್ಷ ಮೈಲಿ ದೂರದ ಚಂದ್ರನಿಗೆ ನಮ್ಮ ಗೋದಾಮಿನ ಹಿಂದಿನ ಮೂಲಂಗಿಯ ಯೋಚನೆ ಯಾಕೆ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದೆ. ದೊಡ್ಡಕ್ಕ ಅಲ್ಲೇ ಕೂತಿದ್ದರು. ಲೋಟದಿಂದ ತಲೆಯೆತ್ತದೆ, ಬಿಡುವಾದಾಗ ತೋಟದ ಕಡೆ ಬಂದುಹೋಗು ಎಂದಷ್ಟೇ ಅಂದರು. ಎಂಟು ತಿಂಗಳಾದರೂ ನಾನು ಆ ಕಡೆ ತಲೆಹಾಕಲಿಲ್ಲ.

ಇನ್ನು ಹೇಳಬೇಕಾದ ಮಾತು ಕಷ್ಟದ್ದು. ಆದರೆ ಅದನ್ನು ಬಿಟ್ಟು ದೊಡ್ಡಕ್ಕನ ಬಗ್ಗೆ ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ.

ನಮ್ಮ ಮುದ್ರಣಾಲಯದಲ್ಲಿ ಇವತ್ತಿಗೂ ಒಂದು ನಿಯಮವಿದೆ: ದೊಡ್ಡಕ್ಕನ ಸಹಿಯಾದ ಮೇಲೆ ಹಾಳೆಯಲ್ಲಿ ಒಂದು ಚುಕ್ಕೆ ಬದಲಾದರೂ ಅದು ಮತ್ತೆ ಅವರ ಮೇಜಿಗೆ ಬರಬೇಕು. ಆ ವರ್ಷದ ಕ್ಯಾಲೆಂಡರಿನ ಹಾಳೆಗಳೆಲ್ಲ ಸಹಿಯಾಗಿ ಬಂದಿದ್ದವು. ಸಂಜೆ ಐದಕ್ಕೆ ಮೆಷಿನ್ ಶುರುವಾಗಬೇಕು. ನಾಲ್ಕೂ ಮುಕ್ಕಾಲಿಗೆ ಜುಲೈ-ಆಗಸ್ಟ್ ಹಾಳೆಯ ಫಿಲ್ಮಿಗೆ ನನ್ನ ಕೈಯಿಂದಲೇ ಗೀರು ಬಿತ್ತು. ಚಂದ್ರನ ಚುಕ್ಕೆಗಳ ಸಾಲು ಹಾಳಾಯಿತು. ನಾನು ಗಡಿಬಿಡಿಯಲ್ಲಿ ಹೊಸ ಚುಕ್ಕೆಗಳನ್ನು ಕತ್ತರಿಸಿ ಅಂಟಿಸಿದೆ. ನೆಗೆಟಿವ್ ಫಿಲ್ಮಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ಹೊತ್ತಿನಲ್ಲಿ ಅದೇ ಮರೆತುಹೋಯಿತು. ಕಪ್ಪು ಕಂಡದ್ದನ್ನು ಕಪ್ಪೆಂದೇ ಅಂಟಿಸಿದೆ. ಎರಡು ತಿಂಗಳ ಹುಣ್ಣಿಮೆಗಳೆಲ್ಲ ಅಮಾವಾಸ್ಯೆಗಳಾದವು, ಅಮಾವಾಸ್ಯೆಗಳು ಹುಣ್ಣಿಮೆಗಳಾದವು. ದೊಡ್ಡಕ್ಕನ ಮೇಜು ಇದ್ದದ್ದು ಮೂವತ್ತು ಹೆಜ್ಜೆ ದೂರದಲ್ಲಿ. ಗೀರು ಬೀಳಿಸಿದ್ದು ತಿಳಿದರೆ ಬೈಯುತ್ತಾರೆಂದು ಹೆದರಿ, ನಾನು ಅಲ್ಲಿಗೆ ಹೋಗದೆ ಫಿಲ್ಮನ್ನು ನೇರವಾಗಿ ಅಚ್ಚಿನ ಪ್ಲೇಟ್ ಮಾಡುವಲ್ಲಿಗೆ ಕಳಿಸಿದೆ.

ತಪ್ಪು ಏಳು ತಿಂಗಳು ಗೋಡೆಗಳ ಮೇಲೆ ಮಡಿಸಿದ ಹಾಳೆಯೊಳಗೆ ತೆಪ್ಪಗೆ ಕೂತಿತ್ತು. ಜುಲೈ ಬಂತು. ದೊಡ್ಡಕ್ಕ ತಾಯಿಯ ಕಾಯಿಲೆಗೆಂದು ಇಪ್ಪತ್ತು ದಿನ ರಜೆಯಲ್ಲಿದ್ದರು. ಗುಡಿಸಲಿನ ಕ್ಯಾಲೆಂಡರಿನಲ್ಲಿ ಜೂನ್ ಹದಿನೆಂಟಕ್ಕೆ ಅಮಾವಾಸ್ಯೆ ಆಗಿತ್ತು, ಅದು ಸರಿಯಾದದ್ದೇ. ಪದ್ಧತಿಯಂತೆ ಎಲ್ಲರೂ ಸೊಪ್ಪು, ಹುರುಳಿಕಾಯಿ ಬಿತ್ತಿದ್ದರು. ಹಾಳೆ ತಿರುಗಿಸಿದರೆ ಜುಲೈ ಮೂರಕ್ಕೆ ಮತ್ತೆ ಅಮಾವಾಸ್ಯೆ. ಹದಿನೈದು ದಿನದಲ್ಲಿ ಎರಡು ಅಮಾವಾಸ್ಯೆ ಹೇಗೆ ಬರಲು ಸಾಧ್ಯ ಎಂದು ಕೇಳಿದವರು ಒಬ್ಬರೇ, ಬೈಂಡಿಂಗ್ ಅತ್ತೆ. ಅವರ ಬಾಯಿ ಮುಚ್ಚಿಸಿದ್ದು ದರ್ಜಿ: “ದೊಡ್ಡಕ್ಕ ಸಹಿ ಹಾಕಿರೋ ಕ್ಯಾಲೆಂಡರ್ ಅತ್ತೆ ಇದು. ಇದ್ರಲ್ಲಿ ತಪ್ಪಿರುತ್ತಾ?”

ಆಕಾಶವನ್ನು ನೋಡಿದ್ದರೆ ಸಾಕಿತ್ತು. ಎರಡು ವಾರ ಮೋಡ ಕವಿದಿತ್ತು ಎಂಬುದು ನಿಜ. ಆದರೆ ಮೋಡವಿಲ್ಲದಿದ್ದರೂ ಯಾರೂ ನೋಡುತ್ತಿರಲಿಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಚಂದ್ರನನ್ನು ನಂಬಿದ ನಲವತ್ತು ಮನೆಯವರು ಚಂದ್ರನನ್ನು ನೋಡುತ್ತಿದ್ದದ್ದು ಕ್ಯಾಲೆಂಡರಿನಲ್ಲಿ. ಹೊಸ ಅಮಾವಾಸ್ಯೆ ಕಳೆಯಿತಲ್ಲ, ಇನ್ನು ಚಂದ್ರ ಬೆಳೆಯುತ್ತಾನೆಂದು ಮತ್ತೆ ಸೊಪ್ಪು ಬಿತ್ತಿದರು, ಮತ್ತೆ ಹುರುಳಿಕಾಯಿ ಊರಿದರು. ಜಾಗವಿಲ್ಲದ್ದರಿಂದ ಈ ಸಲ ಮೂಲಂಗಿ, ಕ್ಯಾರೆಟ್‌ಗಳ ಪಾತಿಗಳಲ್ಲಿ. ಎಂಬತ್ತು ಪಾತಿಗಳಲ್ಲಿ ಎಂಬತ್ತೂ ಹಸಿರೆದ್ದವು.

ಕೊನೆಗೆ ತಪ್ಪು ಹಿಡಿದವರು ನಮ್ಮ ಕಾವಲುಗಾರರು. ಜುಲೈ ಹತ್ತೊಂಬತ್ತರ ಬೆಳಿಗ್ಗೆ ಪಾಳಿ ಮುಗಿಸಿ ಬೀಗದ ಕೈ ಒಪ್ಪಿಸುತ್ತಾ ವ್ಯವಸ್ಥಾಪಕರಿಗೆ ಅವರು ಹೇಳಿದ್ದಿಷ್ಟು: “ಸಾರ್, ಕ್ಯಾಲೆಂಡರ್ ಪ್ರಕಾರ ನಿನ್ನೆ ಹುಣ್ಣಿಮೆ. ಆಕಾಶ ತಿಳಿಯಾಗಿತ್ತು, ಆದ್ರೂ ಗೇಟಿಂದ ಗೋದಾಮಿಗೆ ಹೋಗೋಕೆ ನಂಗೆ ಟಾರ್ಚ್ ಬೇಕಾಯ್ತು.” ಅಂದಿನಿಂದ ಅವರು ನಮಗೆಲ್ಲ ಟಾರ್ಚಣ್ಣ.

ಅಷ್ಟರಲ್ಲಿ ಹೊರಗಿನಿಂದಲೂ ದೂರುಗಳು ಬರತೊಡಗಿದ್ದವು. ದೊಡ್ಡಕ್ಕ ರಜೆ ಮುಗಿಸಿ ಬಂದದ್ದೂ ಅದೇ ದಿನ. ಅವರನ್ನು ವ್ಯವಸ್ಥಾಪಕರ ಕೋಣೆಗೆ ಕರೆದರು; ಫಿಲ್ಮ್ ತರಲು ನನಗೂ ಹೇಳಿಕಳಿಸಿದರು. ನನ್ನ ನೌಕರಿ ಖಾಯಂ ಆಗಲು ಇನ್ನು ಮೂರೇ ವಾರವಿತ್ತು. ಮನೆಯಲ್ಲಿ ಸಂಬಳ ತರುವವನು ನಾನೊಬ್ಬನೇ. ತಾತ್ಕಾಲಿಕ ನೌಕರರ ಇಂಥ ತಪ್ಪಿಗೆ ವಿವರಣೆ ಕೇಳುವ ಪದ್ಧತಿಯಿರಲಿಲ್ಲ, ಲೆಕ್ಕ ಮುಗಿಸಿ ಮನೆಗೆ ಕಳಿಸುತ್ತಿದ್ದರು. ಫಿಲ್ಮಿನ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತೆ. ದೊಡ್ಡಕ್ಕ ಲಕೋಟೆ ತೆಗೆದುಕೊಂಡು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನತ್ತ ಒಮ್ಮೆ ನೋಡಿದರು. ಹೊಸದಾಗಿ ಅಂಟಿಸಿದ ಚುಕ್ಕೆಗಳ ಅಂಚು ಎದ್ದು ಕಾಣುತ್ತಿದ್ದ ಆ ಫಿಲ್ಮಿನಲ್ಲಿ ಎಲ್ಲವೂ ಬರೆದಿಟ್ಟ ಹಾಗಿತ್ತು.

ಇದನ್ನು ಕೊನೆಯಲ್ಲಿ ನೋಡಿದ್ದು ಯಾರು ಎಂದು ವ್ಯವಸ್ಥಾಪಕರು ಕೇಳಿದರು.

“ಕೊನೇ ಸಹಿ ನಂದು ಸಾರ್. ತಪ್ಪೂ ನಂದೇ,” ಎಂದರು ದೊಡ್ಡಕ್ಕ.

ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೈದು ವರ್ಷಗಳಿಂದ ನನ್ನನ್ನು ಬಿಡದೆ ಕಾಡಿದ್ದು ಆ ಒಂದು ನಿಮಿಷ. ಆ ವರ್ಷ ವಿಭಾಗದ ಮುಖ್ಯಸ್ಥರ ಸ್ಥಾನಕ್ಕೆ ಅವರ ಹೆಸರು ಹೋಗಿತ್ತು. ಅದು ವಾಪಸು ಬಂತು. ಮತ್ತೆ ಹೋಗಲು ನಾಲ್ಕು ವರ್ಷ ಹಿಡಿಯಿತು. ಮೂರು ವಾರದ ನಂತರ ನನ್ನ ನೌಕರಿ ಖಾಯಂ ಆಯಿತು.

ಅವತ್ತು ಸಂಜೆ ತೋಟದಲ್ಲಿ ಎಲ್ಲರೂ ಸೇರಿದ್ದರು. ಬಿತ್ತಿದ್ದನ್ನೆಲ್ಲ ಕಿತ್ತು ಮತ್ತೆ ಬಿತ್ತಬೇಕೆಂದು ಕೆಲವರು, ಇನ್ನು ಈ ಕ್ಯಾಲೆಂಡರನ್ನು ಹೇಗೆ ನಂಬುವುದೆಂದು ಕೆಲವರು. ದೊಡ್ಡಕ್ಕ ಅಲ್ಲಿಯೂ ಅದೇ ಮಾತನ್ನು ಹೇಳಿ, ಕೈಮುಗಿದು ಕ್ಷಮೆ ಕೇಳಿದರಂತೆ. ಎದ್ದ ಸಸಿಗಳನ್ನು ಮಾತ್ರ ಕೀಳಬೇಡಿ ಎಂದರಂತೆ. ಯಾರೂ ಅವರನ್ನು ದೂರಲಿಲ್ಲ ಎಂದು ದಾದಿ ನನಗೆ ಮರುದಿನ ಹೇಳಿದರು. ಮರುದಿನ ಇನ್ನೊಂದು ಸಂಗತಿಯೂ ನಡೆಯಿತು. ಊರೂರಿಗೆ ತಿದ್ದುಪಡಿ ಚೀಟಿಗಳನ್ನು ಕಳಿಸಲು ವ್ಯವಸ್ಥಾಪಕರು ತೀರ್ಮಾನಿಸಿದ್ದರು. ಕತ್ತರಿಸಿ, ಮಡಿಸಿ, ಲಕೋಟೆಗೆ ಹಾಕಲು ಕೈ ಸಾಲದು. ಕೆಲಸ ಬಿಟ್ಟಮೇಲೆ ಬೈಂಡಿಂಗ್ ಕೋಣೆಗೆ ತೋಟದವರೆಲ್ಲ ತಾವಾಗಿಯೇ ಬಂದು ಕೂತರು. ದರ್ಜಿ ತನ್ನ ದೊಡ್ಡ ಕತ್ತರಿಯನ್ನೇ ತಂದಿದ್ದ. ಮೂರು ಸಂಜೆಗಳಲ್ಲಿ ಕೆಲಸ ಮುಗಿಯಿತು. ದೊಡ್ಡಕ್ಕ ಒಂದೊಂದು ಕಟ್ಟನ್ನೂ ಎಣಿಸುತ್ತಾ, ನಡುನಡುವೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಕೊನೆಯ ಸಂಜೆ ಅವರು ನನ್ನನ್ನು ಮೇಜಿನ ಬಳಿ ಕರೆದು, ಕೆಳಗಿನ ಪೆಟ್ಟಿಗೆಯ ‘ಮ’ ಮನೆಯಿಂದ ಒಂದು ಹಿಡಿ ಮೂಲಂಗಿ ಬೀಜ ತೆಗೆದು ಕಾಗದದಲ್ಲಿ ಕಟ್ಟಿ ಕೊಟ್ಟರು. ಎಲ್ಲರ ಪಾತಿಯಲ್ಲೂ ಸೊಪ್ಪು ತುಂಬಿದೆ, ಈ ಸಲ ಮೂಲಂಗಿಗೆ ಜಾಗವಿಲ್ಲ, ನಲ್ಲಿಯ ಪಕ್ಕ ಒಂದು ತುಂಡು ನೆಲ ಖಾಲಿಯಿದೆ, ಅದನ್ನು ನೀನು ಮಾಡು ಎಂದರು. ನಾಳೆಯೇ ಬಿತ್ತುತ್ತೇನೆ ಎಂದೆ. ಅವರ ಮುಖ ನೋಡಬೇಕಿತ್ತು. ಚಂದ್ರ ಈಗ ಬೆಳೆಯುತ್ತಿದ್ದಾನೆ, ಮೂಲಂಗಿಗೆ ಇನ್ನೂ ಎರಡು ವಾರ ಕಾಯಬೇಕು. ಅಲ್ಲಿಯವರೆಗೆ ನೆಲ ಅಗೆದು ಹದ ಮಾಡು ಎಂದು ಆಜ್ಞೆಯಾಯಿತು. ಇಡೀ ಮುದ್ರಣಾಲಯ ತಲೆಕೆಳಗಾದರೂ ಅವರ ಚಂದ್ರ ಮಾತ್ರ ಅಲುಗಲಿಲ್ಲ.

ಆ ಎರಡು ವಾರ ನಾನು ದಿನಾ ಸಂಜೆ ಅಗೆದೆ. ಕೈಯಲ್ಲಿ ಬೊಬ್ಬೆ ಬಂತು, ಒಡೆಯಿತು, ಗಟ್ಟಿಯಾಯಿತು. ದೊಡ್ಡಕ್ಕ ಪಕ್ಕದಲ್ಲಿ ಕೂತು ಕಲ್ಲು ಆರಿಸುತ್ತಿದ್ದರು. ತಾಯಿಯ ಔಷಧಿಯ ವಿಷಯ, ಕಾಗುಣಿತದ ವಿಷಯ ಮಾತಾಡುತ್ತಿದ್ದರೇ ಹೊರತು ಆ ವಿಷಯ ಎತ್ತಲಿಲ್ಲ. ಬಿತ್ತನೆಯ ದಿನ ಸಾಲು ನೆಟ್ಟಗಿರಲೆಂದು ದಾರ ಕಟ್ಟುವಾಗ ನನಗೆ ತಡೆಯಲಾಗಲಿಲ್ಲ.

“ದೊಡ್ಡಕ್ಕ, ಆವತ್ತು ಫಿಲ್ಮು...”

“ಗೊತ್ತು ತಮ್ಮ. ದಾರ ಬಿಗಿಯಾಗಿ ಹಿಡ್ಕೋ.”

ಅಷ್ಟೇ. ನಾನು ದಾರವನ್ನು ಬಿಗಿಯಾಗಿ ಹಿಡಿದೆ, ಅವರು ಬೀಜ ಬಿಡುತ್ತಾ ಹೋದರು.

ಆ ವರ್ಷ ತೋಟದಲ್ಲಿ ಸೊಪ್ಪೋ ಸೊಪ್ಪು. ತಿಂದು, ಹಂಚಿ, ಚಿಕಿತ್ಸಾಲಯದ ಅಡುಗೆಮನೆಗೆ ಕೊಟ್ಟು, ದಾರಿಹೋಕರನ್ನು ಕರೆದು ಕೊಟ್ಟರೂ ಮುಗಿಯದು. ದೊಡ್ಡಕ್ಕ ಬಂದರೆಂದರೆ ಸೊಪ್ಪು ತಂದರೆಂದು ಜನ ಬಾಗಿಲು ಹಾಕಿಕೊಳ್ಳುವಂತಾಯಿತು. ಎರಡನೆಯ ಸಲದ ಸೊಪ್ಪು, ಅಂದರೆ ಚಂದ್ರ ಕರಗುವಾಗ ತಪ್ಪಿ ಬಿತ್ತಿದ್ದು, ಮೊದಲಿನದಕ್ಕಿಂತ ತುಸು ಕುಳ್ಳಾಗಿತ್ತು. ಚಂದ್ರನ ಕಾರಣ ಎನ್ನುತ್ತಾರೆ ಬೈಂಡಿಂಗ್ ಅತ್ತೆ. ಮೂಲಂಗಿಯ ಪಾತಿಗಳಿಗೆ ಗೊಬ್ಬರ ಹಾಕದೆ ಬಿತ್ತಿದ ಕಾರಣ ಎನ್ನುತ್ತಾರೆ ದಾದಿ. ಇಪ್ಪತ್ತೈದು ವರ್ಷವಾದರೂ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಮೂಲಂಗಿ ಮಾತ್ರ ಇಡೀ ತೋಟಕ್ಕೆ ನನ್ನ ಒಂದು ಪಾತಿಯಲ್ಲಿ ಬೆಳೆದದ್ದೇ. ಕಿತ್ತ ದಿನ ಎಣಿಸಿದರೆ ಸರಿಯಾಗಿ ನಲವತ್ತು ದಪ್ಪನೆಯವು. ಉಳಿದವು ಬೆರಳಿನಷ್ಟೂ ಇರಲಿಲ್ಲ. ಮನೆಗೊಂದರಂತೆ ಹಂಚಿದೆ. ಕೊನೆಗೆ ನನಗಿಲ್ಲ. ನಾನಿನ್ನೂ ಆ ನಲವತ್ತರಲ್ಲಿ ಸೇರಿರಲಿಲ್ಲ. ದೊಡ್ಡಕ್ಕ ತಮ್ಮದನ್ನು ನಲ್ಲಿಯ ಕೆಳಗೆ ತೊಳೆದು, ಮುರಿದು, ದೊಡ್ಡ ತುಂಡನ್ನು ನನ್ನ ಕೈಗಿಟ್ಟರು. ಅದನ್ನು ಅಲ್ಲೇ ನಿಂತು ತಿಂದೆ. ಖಾರವಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೊಂದು ನೆಪ ಸಿಕ್ಕಿತು.

ಆಮೇಲಿನ ವರ್ಷಗಳ ಕಥೆ ತೋಟದವರಿಗೆಲ್ಲ ಗೊತ್ತು. ದಾದಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು ಮಲಗಿದ್ದಾಗ ಅವರ ಪಾತಿ ಒಂದು ದಿನವೂ ಖಾಲಿ ಬೀಳಲಿಲ್ಲ. ಬೆಳೆದದ್ದು ಬುಟ್ಟಿಯಲ್ಲಿ ಅವರ ಮನೆ ತಲುಪುತ್ತಿತ್ತು, ತಂದವರು ಯಾರೆಂದು ಅವರು ಕೇಳಿ ತಿಳಿಯಬೇಕಾಗುತ್ತಿತ್ತು. ಅಚ್ಚುಮೊಳೆ ಹೋಗಿ, ಫಿಲ್ಮು ಹೋಗಿ, ಕಂಪ್ಯೂಟರ್ ಬಂದಾಗ ಐವತ್ತು ದಾಟಿದ ದೊಡ್ಡಕ್ಕ ನಮಗಿಂತ ಮೊದಲು ಕಲಿತು, ನಮಗೆ ಕಲಿಸಿದರು. ಟಾರ್ಚಣ್ಣನಿಗೆ ಅವರು ಒಂದು ಹುದ್ದೆಯನ್ನೇ ಕೊಟ್ಟರು: ಪ್ರತಿ ಪಕ್ಷದ ಆರಂಭದಲ್ಲಿ ಆಕಾಶ ನೋಡಿ, ಗುಡಿಸಲಿನ ಕ್ಯಾಲೆಂಡರಿನಲ್ಲಿ ಚುಕ್ಕೆಯ ಪಕ್ಕ ಸಹಿ ಹಾಕುವುದು. ಚಂದ್ರನ ಪ್ರೂಫ್ ನೋಡುವವರು ಜಗತ್ತಿನಲ್ಲಿ ಇನ್ನೊಬ್ಬರಿದ್ದಾರೋ ಇಲ್ಲವೋ ನಾನರಿಯೆ.

ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, ಚಂದ್ರನನ್ನು ನಿಜವಾಗಿ ನಂಬುತ್ತೀರಾ ಎಂದು. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. “ಅಮ್ಮ ನಂಬಿದ್ರು, ಅದಕ್ಕೆ ನಾನೂ ನಂಬ್ತೀನಿ. ಬಿಡುವಾದಾಗ ಬಾ ಅಂತ ನಿನ್ನನ್ನ ಕರೆದಿದ್ದೆ, ಎಂಟು ತಿಂಗಳು ಬರ್ಲಿಲ್ಲ ನೀನು. ಚಂದ್ರನ್ನ ನೋಡಿ ಇಂಥ ದಿನಾನೇ ಬಾ ಅಂತ ಹೇಳ್ದೆ, ಬಂದೆ ನೀನು.”

ಫಿಲ್ಮು ಹೋದಮೇಲೆ ಅವರ ವಿಭಾಗಕ್ಕೇ ಬಂದ ನನಗೆ ನಿವೃತ್ತಿಯ ಬಳಿಕ ಅವರ ಮೇಜು ಸಿಗಲಿದೆ. ಹೋದ ತಿಂಗಳು ಅದನ್ನು ನನಗೆ ತೋರಿಸಿಕೊಡುವಾಗ ಕೆಳಗಿನ ಖಾನೆಯಲ್ಲಿ ಒಂದು ಹಳದಿಯಾದ ಹಾಳೆ ಸಿಕ್ಕಿತು. ಆ ವರ್ಷದ ಜುಲೈ-ಆಗಸ್ಟ್ ಪ್ರೂಫ್. ಮೂರಕ್ಕೆ ಬಿಳಿ ಬಳೆ, ಹದಿನೆಂಟಕ್ಕೆ ಕಪ್ಪು ಚುಕ್ಕೆ, ಎಲ್ಲ ಸರಿಯಾಗಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಅವರ ಸಹಿ, ತಾರೀಖು. ವ್ಯವಸ್ಥಾಪಕರ ಕೋಣೆಯಲ್ಲಿ ನಿಂತ ದಿನ ಆ ಹಾಳೆ ಅವರ ಖಾನೆಯಲ್ಲೇ ಇತ್ತು. ಹತ್ತು ಹೆಜ್ಜೆ ನಡೆದು ತಂದು ತೋರಿಸಿದ್ದರೆ ಅವರ ಹೆಸರು ಉಳಿಯುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ತಪ್ಪು ನನ್ನದೆಂಬುದು ಅವರಿಗೆ ಗೊತ್ತೆಂದು ನನಗೆ ಗೊತ್ತಿತ್ತು. ಆದರೆ ತೋರಿಸಲು ಕೈಯಲ್ಲಿ ಸಾಕ್ಷಿಯಿಟ್ಟುಕೊಂಡೂ ಸುಮ್ಮನಿದ್ದರು ಎಂದು ಗೊತ್ತಿರಲಿಲ್ಲ. ಆದ್ದರಿಂದ, ಅಂದು ಆ ಕೋಣೆಯಲ್ಲಿ ಆಡಬೇಕಿದ್ದ ಮಾತನ್ನು ಇಂದು ಎಲ್ಲರೆದುರು ಅಚ್ಚಿನಲ್ಲಿ ಆಡುತ್ತಿದ್ದೇನೆ: ಆ ತಪ್ಪು ನನ್ನದು. ದೊಡ್ಡಕ್ಕನ ಸಹಿಯಲ್ಲಿ ಮೂವತ್ತಾರು ವರ್ಷಗಳಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ.

ದೊಡ್ಡಕ್ಕ ನೂರು ತುಂಬಿ ಬಾಳಲಿ. ಅವರ ಮೊಣಕಾಲು ನೋವು ಕಡಿಮೆಯಾಗಲಿ. ಬೀಜದ ಪೆಟ್ಟಿಗೆಯ ಒಂದು ಮನೆಯೂ ಖಾಲಿಯಾಗದಿರಲಿ. ಚಂದ್ರ ಬೆಳೆದಾಗಲೂ ಕರಗಿದಾಗಲೂ ಅವರು ತೋಟದಲ್ಲಿ ನಮ್ಮನ್ನು ಕಾಯುತ್ತಿರಲಿ.

ಲೇಖನ ಇಲ್ಲಿಗೆ ಮುಗಿದಿತ್ತು. ಮುಂದಿನ ಕೆಲವು ಸಾಲು ಪ್ರೂಫ್ ಬಂದಮೇಲೆ ಸೇರಿಸಿದ್ದು. ಈ ಗ್ರಂಥವೂ ನಮ್ಮಲ್ಲೇ ಅಚ್ಚಾಗುತ್ತಿರುವುದರಿಂದ ನಿಯಮದಂತೆ ದೊಡ್ಡಕ್ಕನ ಮೇಜಿಗೇ ಹೋಯಿತು. ಅವರು ನನ್ನ ಮೂರು ಕಾಗುಣಿತದ ತಪ್ಪು ತಿದ್ದಿ, ಫಿಲ್ಮಿನ ಗೀರಿನ ಪ್ಯಾರಾವನ್ನೂ ‘ಆ ತಪ್ಪು ನನ್ನದು’ ಎಂಬ ಪ್ಯಾರಾವನ್ನೂ ಇಡಿಯಾಗಿ ಹೊಡೆದುಹಾಕಿ, ಅಂಚಿನಲ್ಲಿ ‘ಬೇಡ. ಜಾಗ ಉಳಿಯುತ್ತದೆ’ ಎಂದು ಬರೆದು ಸಹಿ ಹಾಕಿ ಕಳಿಸಿದ್ದಾರೆ. ಹೊಡೆದ ಸಾಲುಗಳ ಕೆಳಗೆ ನಾನು, ಅವರೇ ಕಲಿಸಿದಂತೆ, ಚುಕ್ಕೆಗಳನ್ನಿಟ್ಟಿದ್ದೇನೆ: ‘ಇದ್ದಂತೆಯೇ ಇರಲಿ’ ಎಂದು ಅದರ ಅರ್ಥ. ಅವರ ಸಹಿಯಾದ ಹಾಳೆಯನ್ನು ಬದಲಿಸಿ, ಅವರಿಗೆ ತೋರಿಸದೆ ಮೆಷಿನ್ನಿಗೆ ಕಳಿಸುತ್ತಿರುವುದು ನನ್ನ ಬಾಳಿನಲ್ಲಿ ಇದು ಎರಡನೆಯ ಸಲ. ಬರುವ ಗುರುವಾರ ಮೂಲಂಗಿ ಬಿತ್ತನೆ. ಟಾರ್ಚಣ್ಣ ಆಕಾಶ ನೋಡಿ ಸಹಿ ಹಾಕಿಯಾಗಿದೆ. ಬೈಸಿಕೊಳ್ಳಲು ನಾನು ನಲ್ಲಿಯ ಪಕ್ಕದ ಪಾತಿಯಲ್ಲಿ, ದಾರ ಬಿಗಿಯಾಗಿ ಹಿಡಿದುಕೊಂಡು, ಕಾಯುತ್ತಿರುತ್ತೇನೆ.